ಮೊದಲ ಬೀಜ ಬಿತ್ತಿದ ಕೈ ಯಾರದು?

ಸಂಘದ ಸಭೆಗೆ ಒಂದು ಪಾಠ: ಅಲೆದಾಟದ ಬದುಕಿನಿಂದ ಬೇಸಾಯಕ್ಕೆ



ಮನೆಯಲ್ಲಿರುವ ಮಕ್ಕಳ ಸಮಾಜ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಆದಿಮಾನವನ ಪಾಠದಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ. ಗಂಡಸರು ಭರ್ಜಿ ಹಿಡಿದು ಪ್ರಾಣಿಯ ಹಿಂದೆ ಓಡುತ್ತಿರುತ್ತಾರೆ. ಹೆಂಗಸು ದೂರದಲ್ಲಿ, ಗುಹೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ಬೆಂಕಿಯ ಮುಂದೆ ಕೂತಿರುತ್ತಾಳೆ. ಪುಟ ತಿರುಗಿಸಿದರೆ ಬೇಸಾಯ ಶುರುವಾಗಿರುತ್ತದೆ, ಅಲ್ಲೂ ನೇಗಿಲು ಹಿಡಿದವನು ಗಂಡಸೇ. "ಮಾನವನು ಬೇಸಾಯವನ್ನು ಕಂಡುಹಿಡಿದನು" ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕಂಡುಹಿಡಿದನು! ಕೊನೆಯಲ್ಲಿರುವ ಆ 'ನು' ಇದೆಯಲ್ಲ, ಅದರ ಬಗ್ಗೆಯೇ ಇವತ್ತಿನ ಪಾಠ.

ಇದು ಸಾಲ-ಉಳಿತಾಯದ ಪಾಠ ಅಲ್ಲ, ಇದರಿಂದ ನಮಗೇನು ಅಂತ ಕೆಲವರು ಕೇಳಬಹುದು. ಹೊಲದಲ್ಲಿ ಬೆಳಗಿನಿಂದ ಬಗ್ಗಿ ದುಡಿಯುವವಳು, ಸರ್ವೆಗೆ ಬಂದವರು ಕೇಳಿದರೆ "ನಾನು ಏನೂ ಕೆಲಸ ಮಾಡೋದಿಲ್ಲ, ಮನೇಲಿರ್ತೀನಿ" ಅನ್ನುತ್ತಾಳೆ. ಈ ಮಾತು ಎಷ್ಟು ಹಳೆಯದು, ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೂರು ಲಕ್ಷ ವರ್ಷ, ಒಂದು ದಿನ

ನಮ್ಮಂಥ ಮನುಷ್ಯರು ಈ ಭೂಮಿಯ ಮೇಲೆ ಬಂದು ಸುಮಾರು 3 ಲಕ್ಷ ವರ್ಷ ಆಯಿತು. ಇಷ್ಟನ್ನೂ 24 ಗಂಟೆಯ ಒಂದು ದಿನ ಅಂತ ಇಟ್ಟುಕೊಳ್ಳೋಣ. ನಡುರಾತ್ರಿ 12ಕ್ಕೆ ಶುರು. ಬೆಳಗಾಯಿತು, ಮಧ್ಯಾಹ್ನ ಆಯಿತು, ದೀಪ ಹಚ್ಚುವ ಹೊತ್ತಾಯಿತು, ರಾತ್ರಿಯ ಊಟವೂ ಮುಗಿಯಿತು. ಇನ್ನೂ ಯಾರೂ ಒಂದು ಕಾಳನ್ನೂ ಬಿತ್ತಿ ಬೆಳೆದಿಲ್ಲ. ರಾತ್ರಿ 11 ಗಂಟೆ ದಾಟಿದ ಮೇಲೆ ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಗುತ್ತದೆ. ನಮ್ಮ ಕರ್ನಾಟಕದಲ್ಲಿ ಜನ ದನ ಕಟ್ಟಿಕೊಂಡು ನೆಲೆ ನಿಂತದ್ದು ಸುಮಾರು 5,000 ವರ್ಷದ ಹಿಂದೆ, ಅಂದರೆ ದಿನ ಮುಗಿಯಲು ಇನ್ನು 24 ನಿಮಿಷ ಇರುವಾಗ. ರೇಷನ್ ಕಾರ್ಡು, ನಮ್ಮ ಸಂಘದ ಪಾಸ್ ಬುಕ್ಕು ಎಲ್ಲಾ ಕೊನೆಯ ಅರ್ಧ ನಿಮಿಷದ ಮಾತು.

ಹಾಗಾದರೆ ಉಳಿದ ಅಷ್ಟು ಹೊತ್ತೂ ಜನ ಹೇಗೆ ಬದುಕಿದರು? ಗೆಡ್ಡೆ ಅಗೆದು, ಹಣ್ಣು ಕಾಯಿ ಆರಿಸಿ, ಸೊಪ್ಪು ಕಿತ್ತು, ಜೇನು ತೆಗೆದು, ಮೀನು ಹಿಡಿದು, ಬೇಟೆಯಾಡಿ. ಒಂದು ಜಾಗದಲ್ಲಿ ಆಹಾರ ಮುಗಿದರೆ ಇನ್ನೊಂದು ಜಾಗಕ್ಕೆ ಹೋಗಿ. ಇದಕ್ಕೆ ಬೇಟೆ-ಸಂಗ್ರಹಣೆಯ ಬದುಕು ಅನ್ನುತ್ತಾರೆ. ಹೆಸರಿನಲ್ಲಿ ಬೇಟೆಯೇ ಮೊದಲು ಬರುತ್ತದೆ, ನೋಡಿ.

ಬುಟ್ಟಿ ತುಂಬಿಸಿದವರು

ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ಕಲಹಾರಿ ಎಂಬ ಒಣ ಸೀಮೆ ಇದೆ. ಅಲ್ಲಿ ಕುಂಗ್ ಎಂದು ಹೊರಗಿನವರು ಕರೆಯುವ ಜನ 1960ರ ದಶಕದಲ್ಲೂ ಹೆಚ್ಚುಕಡಿಮೆ ಬೇಟೆ, ಸಂಗ್ರಹಣೆಯಿಂದಲೇ ಬದುಕುತ್ತಿದ್ದರು. ರಿಚರ್ಡ್ ಲೀ ಎಂಬ ಸಂಶೋಧಕರು ಅವರ ಜೊತೆ ಹೋಗಿ ಇದ್ದರು. 1964ರಲ್ಲಿ ಡೋಬೆ ಎಂಬ ನೀರಿನ ತಾಣದಲ್ಲಿ 28 ದಿನ ಒಂದು ಲೆಕ್ಕ ಬರೆದರು. ಯಾರು ಎಷ್ಟು ಹೊತ್ತಿಗೆ ಹೋದರು, ಏನು ತಂದರು, ತೂಕ ಎಷ್ಟು? ನಮ್ಮ ಸಂಘದ ಲೆಕ್ಕ ಪುಸ್ತಕದ ಹಾಗೆಯೇ ಅಂತ ತಿಳಿಯಿರಿ.

ಆ ಲೆಕ್ಕ ನೋಡಿದವರಿಗೆ ಆಶ್ಚರ್ಯ ಆಯಿತು. ಅವರು ತಿನ್ನುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಬೇಟೆಯ ಮಾಂಸ ಅಲ್ಲ. ಕಾಯಿ, ಗೆಡ್ಡೆ, ಹಣ್ಣುಗಳೇ ಮುಕ್ಕಾಲು ಪಾಲಿನ ಹತ್ತಿರ ಇದ್ದವು. ಅದರಲ್ಲೂ ಮೊಂಗೊಂಗೊ ಎಂಬ ಗಟ್ಟಿ ಚಿಪ್ಪಿನ ಕಾಯಿ ಮುಖ್ಯ. ಇದನ್ನೆಲ್ಲ ತಂದವರಲ್ಲಿ ಹೆಚ್ಚಿನವರು ಹೆಂಗಸರು. ಬೇಟೆಗೆ ಹೋದವರು ಎಷ್ಟೋ ದಿನ ಬರಿಗೈಯಲ್ಲಿ ಬರುತ್ತಿದ್ದರು. ಅಗೆಯುವ ಕೋಲು ಹಿಡಿದು ಹೋದವಳು ಬರಿಗೈಯಲ್ಲಿ ಬರುವುದು ಅಪರೂಪ. ತಮಾಷೆ ಏನೆಂದರೆ, ಲೀಯವರು ಈ ಲೆಕ್ಕವನ್ನು ವಿದ್ವಾಂಸರ ಮುಂದಿಟ್ಟದ್ದು 1966ರಲ್ಲಿ ಶಿಕಾಗೋದಲ್ಲಿ ನಡೆದ ಸಮ್ಮೇಳನದಲ್ಲಿ. ಆ ಸಮ್ಮೇಳನದ ಹೆಸರು 'ಬೇಟೆಗಾರ ಗಂಡು' ಅಂತ!

ಇನ್ನೊಂದು ವಿಷಯ. ಒಬ್ಬೊಬ್ಬರು ಆಹಾರಕ್ಕಾಗಿ ವಾರಕ್ಕೆ ಎರಡೂವರೆ ದಿನ ದುಡಿದರೆ ಸಾಕಾಗುತ್ತಿತ್ತು ಅಂತಲೂ ಆ ಲೆಕ್ಕ ಹೇಳಿತು. ಎಂಥಾ ಸುಖದ ಬದುಕು ಅಂತ ಓದಿದವರು ಹಾಡಿ ಹೊಗಳಿದರು. ನೀವಾದರೆ ಕೂಡಲೇ ಕೇಳುತ್ತಿದ್ದಿರಿ: ಕಾಯಿ ತಂದ ಮೇಲೆ ಒಡೆದವರು ಯಾರು? ಸೌದೆ ತಂದವರು? ನೀರು ಹೊತ್ತವರು? ಆ ಮೊದಲ ಲೆಕ್ಕದಲ್ಲಿ ಇವು ಇರಲಿಲ್ಲ. ಟೀಕೆ ಬಂದ ಮೇಲೆ ಲೀಯವರು ಅಡಿಗೆ, ಸೌದೆ, ನೀರು, ಸಲಕರಣೆ ಮಾಡುವುದು ಎಲ್ಲವನ್ನೂ ಸೇರಿಸಿ 1979ರಲ್ಲಿ ಮತ್ತೆ ಪ್ರಕಟಿಸಿದರು. ಆಗ ವಾರದ ದುಡಿಮೆ 40 ಗಂಟೆ ದಾಟಿತು. ಗಂಡಸರದು ಸುಮಾರು 44, ಹೆಂಗಸರದು ಸುಮಾರು 40. ಹೆಂಗಸರದು ಕಡಿಮೆ ಕಾಣುತ್ತದೆ ಅಲ್ಲವಾ? ಮಗು ನೋಡಿಕೊಳ್ಳುವ ಕೆಲಸ ಈ ಎರಡನೇ ಲೆಕ್ಕದಲ್ಲೂ ಸೇರಿಲ್ಲ.

ನಮ್ಮ ದೇಶದಲ್ಲೂ ಈಗ ಸರ್ಕಾರ ಸಮಯದ ಲೆಕ್ಕ ಬರೆಯುತ್ತದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ.

ಹೆಂಗಸರು ಬೇಟೆಗೆ ಹೋಗಲೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟದ ಮೇಲೆ 9,000 ವರ್ಷ ಹಳೆಯ ಒಂದು ಸಮಾಧಿ 2018ರಲ್ಲಿ ಸಿಕ್ಕಿತು. ಜೊತೆಯಲ್ಲಿ ಕಲ್ಲಿನ ಭರ್ಜಿ ಮೊನೆಗಳು, ಚರ್ಮ ಹೆರೆಯುವ ಕಲ್ಲುಗಳು, ಬೇಟೆಯ ಪೂರ್ತಿ ಸಾಮಾನು. ದೊಡ್ಡ ಬೇಟೆಗಾರನೇ ಇರಬೇಕು ಅಂದುಕೊಂಡರು. ಎಲುಬು ಮತ್ತು ಹಲ್ಲು ಪರೀಕ್ಷಿಸಿದರೆ, 17ರಿಂದ 19 ವರ್ಷದ ಹುಡುಗಿ!

ಬೀಜದ ಗುಟ್ಟು

ಇಡೀ ವರ್ಷ ಒಂದೇ ಸೀಮೆಯಲ್ಲಿ ಸೊಪ್ಪು ಕೀಳುವವರಿಗೆ ಏನೇನು ಗೊತ್ತಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೊದಲ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಎಲ್ಲಾ ಸೇರಿಸಿ ಬೆರಕೆ ಸೊಪ್ಪು ತರುತ್ತೀರಲ್ಲ, ಅದು ಸಂಗ್ರಹಣೆಯೇ. ಯಾವುದು ಕಹಿ, ಯಾವುದು ಬಸುರಿಗೆ ಆಗದು, ಯಾವುದನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಬೇಕು ಅನ್ನುವುದನ್ನು ಯಾವ ಪುಸ್ತಕ ಓದಿ ಕಲಿತಿರಿ? ಅಮ್ಮ, ಅಜ್ಜಿ ಹೇಳಿದ್ದು. ಇಂಥ ತಿಳಿವಳಿಕೆ ಇದ್ದವರೇ ಮೊದಲು ಬಿತ್ತಿದವರೂ ಇರಬೇಕು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಕಾಳಿನ ಮೇಲೆ ಯಾರೂ ಹೆಸರು ಬರೆದಿಡಲಿಲ್ಲ, ನಿಜ. ಆದರೆ ಬುಟ್ಟಿ ಯಾರ ಸೊಂಟದಲ್ಲಿತ್ತೋ ಅವರ ಕೈಗೇ ಬೀಜ ಮೊದಲು ಸಿಕ್ಕಿದ್ದು.

ಕಾಡು ಗಿಡ ಬೆಳೆಯಾಗುವುದು ಹೇಗೆ? ಕಾಡು ಹುಲ್ಲಿನ ತೆನೆ ಮಾಗಿದ ಕೂಡಲೇ ಕಾಳು ಉದುರಿಸಿಬಿಡುತ್ತದೆ. ಅದು ಗಿಡಕ್ಕೆ ಒಳ್ಳೆಯದು, ನಮಗೆ ನಷ್ಟ. ನೂರು ತೆನೆಯಲ್ಲಿ ಎಲ್ಲೋ ಒಂದು ಉದುರದೆ ನಿಲ್ಲುತ್ತದೆ. ಕೊಯ್ಯಲು ಹೋದವರ ಬುಟ್ಟಿಗೆ ಬರುವುದು ಹೆಚ್ಚಾಗಿ ಆ ಉದುರದ ತೆನೆಯೇ. ಅದನ್ನೇ ಮುಂದಿನ ವರ್ಷ ಬಿತ್ತಿದರೆ, ಹೀಗೇ ನೂರಾರು ಸಾವಿರಾರು ವರ್ಷ ಆದರೆ, ಉದುರದ ಜಾತಿಯೇ ಹೆಚ್ಚಾಗುತ್ತದೆ. ಯಾರೋ ಒಬ್ಬರು ಒಂದು ದಿನ ಕೂತು ಕಂಡುಹಿಡಿದದ್ದಲ್ಲ ಇದು. ಲಕ್ಷಾಂತರ ಕೈಗಳು ಆರಿಸಿ ಆರಿಸಿ ಮಾಡಿದ್ದು.

ಇದಕ್ಕೆ ನಮ್ಮ ಹುರಳಿಯೇ ಸಾಕ್ಷಿ. ಕಾಡು ಹುರಳಿಗೆ ಸಿಪ್ಪೆ ದಪ್ಪ. ಮಳೆ ಬಂದರೂ ಎಲ್ಲಾ ಕಾಳು ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ. ದಕ್ಷಿಣ ಭಾರತದ ಹಳೆಯ ನೆಲೆಗಳಲ್ಲಿ ಅಗೆದಾಗ ಸಿಕ್ಕಿದ ಸುಟ್ಟ ಹುರಳಿ ಕಾಳುಗಳನ್ನು ಲಂಡನ್ನಿನ ಸಂಶೋಧಕರು ಬಹಳ ಶಕ್ತಿಯ ಎಕ್ಸ್-ರೇಯಲ್ಲಿಟ್ಟು ಸಿಪ್ಪೆಯ ದಪ್ಪ ಅಳೆದರು. 2017ರಲ್ಲಿ ಅದು ಪ್ರಕಟವಾಯಿತು. ಶತಮಾನಗಳು ಕಳೆದಂತೆ ಸಿಪ್ಪೆ ತೆಳ್ಳಗಾಗುತ್ತಾ ಬಂದದ್ದು ಅದರಲ್ಲಿ ಕಾಣುತ್ತದೆ. ಯಾರೋ ಮೊಳೆತದ್ದರಿಂದಲೇ ಮತ್ತೆ ಮತ್ತೆ ಬೀಜ ಹಿಡಿದು ಬಿತ್ತುತ್ತಾ ಬಂದರು. ನಮ್ಮ ಒಲೆಯ ಮೇಲೆ ಹುರಳಿ ಸಾರು ಕುದಿಯುವುದರ ಹಿಂದೆ ಅವರಿದ್ದಾರೆ.

ಬೂದಿದಿಬ್ಬದ ಜನ

ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯವರಿಗೆ ಬೂದಿದಿಬ್ಬ ಗೊತ್ತಿರಬಹುದು. ಬಯಲಲ್ಲಿ ಬೂದಿಯ ಗುಡ್ಡ, ಕೆಲವು ಕಡೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ. ಹಂಪಿ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಇನ್ನು ಕೆಲವೆಡೆ ರಾಕ್ಷಸರ ಚಿತೆ ಅನ್ನುತ್ತಾರೆ. ಇಂಗ್ಲಿಷರು ಬಂದು ನೋಡಿ ಜ್ವಾಲಾಮುಖಿ ಇರಬಹುದೇ, ಕಬ್ಬಿಣ ಕರಗಿಸಿದ್ದಿರಬಹುದೇ ಅಂತೆಲ್ಲ ವಾದ ಮಾಡಿದರು. ಈಗ ತೆಲಂಗಾಣಕ್ಕೆ ಸೇರಿದ, ಕೃಷ್ಣಾ ಸೀಮೆಯ ಉತ್ನೂರಿನಲ್ಲಿ ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಅಗೆದಾಗ ವಾದ ಮುಗಿಯಿತು. ಕಂಬಗಳ ಬೇಲಿಯ ಗುರುತು, ನೆಲದ ಮೇಲೆ ದನದ ಗೊರಸಿನ ಗುರುತು. ಅದು ದನದ ದೊಡ್ಡಿ! ಸಗಣಿ ಗುಡ್ಡೆ ಹಾಕುವುದು, ಆಗಾಗ ಬೆಂಕಿ ಹಚ್ಚುವುದು, ಮತ್ತೆ ಗುಡ್ಡೆ ಹಾಕುವುದು. ಹೀಗೆ ತಲೆತಲಾಂತರ ನಡೆದು ಬೂದಿಯ ದಿಬ್ಬ ಎದ್ದಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಅಗೆದು ದೊಡ್ಡಿಯ ಜೊತೆಗೆ ಜನ ವಾಸ ಮಾಡಿದ ಜಾಗ, ಮಾಂಸ ಕಡಿದ ಜಾಗ ಎಲ್ಲಾ ತೋರಿಸಿಕೊಟ್ಟರು.

ಈ ಪುಸ್ತಕಗಳಲ್ಲಿ ಇವರನ್ನು 'ದನಗಾಹಿಗಳು' ಅಂತಲೇ ಬರೆಯುವುದು ರೂಢಿ. ಸರಿ. ಆದರೆ ಅಷ್ಟೊಂದು ಸಗಣಿ ಬಾಚಿದವರು ಯಾರು ಅಂತ ನನಗೆ ಪ್ರತಿ ಸಲ ಓದುವಾಗಲೂ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಕೊಟ್ಟಿಗೆ ಬಾಚುವ ಕೈ ಯಾರದು ಅಂತ ನೋಡಿದರೆ ಊಹೆ ಮಾಡುವುದು ಕಷ್ಟವಿಲ್ಲ.

ಇವರು ಏನು ಬೆಳೆದು ಉಂಡರು? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಬಳ್ಳಾರಿ ಹತ್ತಿರದ ಸಂಗನಕಲ್ಲು ಮುಂತಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ತೇಲಿದ ಕರಿ ಚೂರುಗಳನ್ನು ಜರಡಿ ಹಿಡಿದರು. ಅಕ್ಕಿ ತೊಳೆಯುವಾಗ ಜೊಳ್ಳು ತೇಲಿಸುತ್ತೀರಲ್ಲ, ಅದೇ ಉಪಾಯ. ಸುಮಾರು 4,000 ವರ್ಷದ ಹಿಂದೆ ಒಲೆಯಲ್ಲಿ ಸೀದ ಕಾಳುಗಳು ಸಿಕ್ಕವು. ಮುಖ್ಯವಾಗಿ ನಾಲ್ಕು: ಹುರಳಿ, ಹೆಸರು, ಕೊರಲೆ, ಮತ್ತೆ ನವಣೆಯ ಹತ್ತಿರದ ಸಂಬಂಧಿಯಾದ ಒಂದು ಸಣ್ಣ ಕಾಳಿನ ಹುಲ್ಲು. ಇವು ಹೊರಗಿನಿಂದ ಬಂದದ್ದಲ್ಲ, ಈ ನೆಲದ ಕಾಡು ಗಿಡಗಳೇ. ಅಂದರೆ ನಮ್ಮ ಒಣ ಸೀಮೆಯ ಜನ ಬೇಸಾಯವನ್ನು ಬರೀ ಬೇರೆಯವರಿಂದ ನೋಡಿ ಕಲಿಯಲಿಲ್ಲ, ತಮ್ಮದೇ ಬೀಜ ಆರಿಸಿಕೊಂಡರು. ಚೀನಾದವರು ಭತ್ತವನ್ನು, ಮೆಕ್ಸಿಕೋದವರು ಮೆಕ್ಕೆಜೋಳವನ್ನು ಆರಿಸಿಕೊಂಡ ಹಾಗೆ. ರಾಗಿ, ಜೋಳ, ಸಜ್ಜೆ ನಮ್ಮದೇ ಅಂದುಕೊಳ್ಳುತ್ತೇವೆ. ಅವು ಮೂರೂ ಆಫ್ರಿಕಾದಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂದ ಸೊಸೆಯಂದಿರು! ಕೊರಲೆಯನ್ನು ಇವತ್ತಿಗೂ ತುಮಕೂರು, ಚಿತ್ರದುರ್ಗ ಕಡೆ ಮಳೆ ಕಡಿಮೆ ಬೀಳುವಲ್ಲಿ ಕೆಲವರು ಬಿತ್ತುತ್ತಾರೆ. ಬಡವರ ಕಾಳು ಅಂತ ಬಿಟ್ಟದ್ದಕ್ಕೆ ಈಗ ಸಿರಿಧಾನ್ಯ ಅಂತ ಪೇಟೆಯಲ್ಲಿ ಬೆಲೆ ಬಂದಿದೆ.

ಅರೆಯುವ ಕಲ್ಲು, ಸವೆದ ಮಂಡಿ

ಈ ನೆಲೆಗಳಲ್ಲೆಲ್ಲ ತಪ್ಪದೆ ಸಿಗುವ ಇನ್ನೊಂದು ವಸ್ತು ಅರೆಯುವ ಕಲ್ಲು. ಕೆಲವು ಕಡೆ ಬಂಡೆಯ ಮೇಲೆಯೇ ಅರೆದು ಅರೆದು ಗುಳಿ ಬಿದ್ದಿದೆ. ಈ ಕೆಲಸ ಮೈಯನ್ನು ಏನು ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿರುವುದು ದೂರದ ಸಿರಿಯಾ ದೇಶದಲ್ಲಿ. ಅದಕ್ಕೆ ಸ್ವಲ್ಪ ಹೊತ್ತು ಅಲ್ಲಿಗೆ ಹೋಗಿ ಬರೋಣ.

ಯೂಫ್ರೆಟಿಸ್ ನದಿಯ ದಂಡೆಯಲ್ಲಿ ಅಬು ಹುರೇರಾ ಎಂಬ ನೆಲೆ. ಅಣೆಕಟ್ಟು ಕಟ್ಟಿ ಅದು ಮುಳುಗುವ ಮುಂಚೆ 1972-73ರಲ್ಲಿ ಅವಸರವಾಗಿ ಅಗೆದರು. ಈಗ ಅದು ನೀರಿನ ಕೆಳಗಿದೆ. (ಆಲಮಟ್ಟಿ, ತುಂಗಭದ್ರಾ ಹಿನ್ನೀರಿನವರಿಗೆ ಈ ಕಥೆ ಹೊಸದಲ್ಲ.) ಸುಮಾರು 13,000 ವರ್ಷದ ಹಿಂದೆ ಅಲ್ಲಿ ನೆಲೆ ನಿಂತವರು ಇನ್ನೂ ಬೇಸಾಯಗಾರರಲ್ಲ. ಜಿಂಕೆ ಜಾತಿಯ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರು, ಕಾಡು ಬೀಜ ತರುತ್ತಿದ್ದರು. ಅವರ ಒಲೆಯ ಸುತ್ತ ಸಿಕ್ಕಿದ ಬೀಜಗಳು 150ಕ್ಕೂ ಹೆಚ್ಚು ಬಗೆ! ಆಮೇಲೆ ಅದೇ ಜಾಗದಲ್ಲಿ ಗೋಧಿ, ಬಾರ್ಲಿ, ಮಸೂರದಂಥ ಬೆಳೆ ಬೆಳೆಯುವ ದೊಡ್ಡ ಹಳ್ಳಿ ಬೆಳೆಯಿತು. ಬೆಳೆಗಳನ್ನು ಬೆರಳು ಮಡಿಸಿ ಎಣಿಸಬಹುದು.

ಅಲ್ಲಿ ಸಿಕ್ಕಿದ ಎಲುಬುಗಳನ್ನು ಥೇಯಾ ಮಾಲೆಸನ್ ಎಂಬ ಮಹಿಳಾ ವಿಜ್ಞಾನಿ ಲಂಡನ್ನಿನಲ್ಲಿ ಒಂದೊಂದಾಗಿ ಪರೀಕ್ಷಿಸಿ 1994ರಲ್ಲಿ ಬರೆದರು. ಕಾಲಿನ ಹೆಬ್ಬೆರಳಿನ ಕೀಲು ಸವೆದಿದೆ. ಮಂಡಿಯಲ್ಲಿ ಒತ್ತಿದ ಗುರುತು. ಸೊಂಟದ ಬೆನ್ನುಮೂಳೆ ಜಜ್ಜಿದಂತಾಗಿದೆ. ಯಾವ ಕೆಲಸದಿಂದ ಹೀಗಾಗುತ್ತದೆ? ಮಂಡಿಯೂರಿ, ಕಾಲ್ಬೆರಳು ಹಿಂದಕ್ಕೆ ಮಡಿಸಿ, ಮುಂದೆ ಬಗ್ಗಿ, ಎರಡೂ ಕೈಯಲ್ಲಿ ಕಲ್ಲು ಹಿಡಿದು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯುವುದು. ದಿನಾ, ಗಂಟೆಗಟ್ಟಲೆ, ಚಿಕ್ಕ ವಯಸ್ಸಿನಿಂದ. ಈ ಗುರುತು ಇದ್ದ ಎಲುಬುಗಳು ಹೆಚ್ಚಾಗಿ ಹೆಂಗಸರವು. ಹಿಟ್ಟಿನಲ್ಲಿ ಸೇರಿದ ಕಲ್ಲಿನ ಪುಡಿ ತಿಂದು ಎಲ್ಲರ ಹಲ್ಲೂ ಸವೆದಿತ್ತು.

ಯುರೋಪಿನಲ್ಲಿ ಇನ್ನೊಂದು ಅಳತೆ ಮಾಡಿದರು. 7,000 ವರ್ಷಕ್ಕೂ ಹಿಂದಿನ ಬೇಸಾಯದ ಹೆಂಗಸರ ತೋಳಿನ ಮೂಳೆಯನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ದೋಣಿ ಸ್ಪರ್ಧೆಯ ಹುಡುಗಿಯರ ಜೊತೆ ಹೋಲಿಸಿದರು. ಈ ಹುಡುಗಿಯರು ದಿನಕ್ಕೆ ಎರಡು ಹೊತ್ತು ಹುಟ್ಟು ಹಾಕಿ ಅಭ್ಯಾಸ ಮಾಡುವವರು. 2017ರಲ್ಲಿ ಬಂದ ಫಲಿತಾಂಶ: ಆ ಕಾಲದ ಹೆಂಗಸರ ತೋಳಿನ ಮೂಳೆ ಇವರದಕ್ಕಿಂತ ಶೇಕಡಾ 11ರಿಂದ 16ರಷ್ಟು ಗಟ್ಟಿ. ಅಗೆಯುವುದು, ಕೊಯ್ಯುವುದು, ಅರೆಯುವುದು. ಪದಕ ಮಾತ್ರ ಯಾರೂ ಕೊಡಲಿಲ್ಲ.

ಹಿಟ್ಟಿನ ಗಿರಣಿ ಬಂದದ್ದನ್ನು ನಾವು ಸಾಮಾನ್ಯ ವಿಷಯ ಅಂದುಕೊಳ್ಳುತ್ತೇವೆ. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂತು, ಹಾಡು ಹೇಳಿಕೊಂಡು ಬೀಸುತ್ತಿದ್ದ ಅಜ್ಜಿಯರನ್ನು ಕೇಳಿ, ಅದು ಸಾಮಾನ್ಯವೋ ಅಲ್ಲವೋ ಅವರು ಹೇಳುತ್ತಾರೆ.

ತೊಟ್ಟಿಲು ಬೇಗ ಬೇಗ ತುಂಬಿತು

ಅಲೆದಾಡುವ ಬದುಕಿನಲ್ಲಿ ತಾಯಿ ಮಗುವನ್ನು ಹೊತ್ತೇ ನಡೆಯಬೇಕು. ಕಲಹಾರಿಯ ತಾಯಿ ಒಂದು ಮಗುವನ್ನು ನಾಲ್ಕು ವರ್ಷ ತುಂಬುವವರೆಗೆ ಹೊತ್ತು ನಡೆಯುವ ದೂರ ಸುಮಾರು 7,800 ಕಿಲೋಮೀಟರು ಅಂತ ಲೀ ಲೆಕ್ಕ ಹಾಕಿದರು. ಎರಡು ಕೂಸು ಹೊರಲು ಆಗುತ್ತದೆಯೇ? ಅಲ್ಲಿ ಮಗುವಿಂದ ಮಗುವಿಗೆ ಸುಮಾರು ನಾಲ್ಕು ವರ್ಷ ಅಂತರ ಇರುತ್ತಿತ್ತು. ಮಗು ಹಗಲು ರಾತ್ರಿ, ಗಂಟೆಗೆ ಹಲವು ಸಲ ಎದೆಹಾಲು ಕುಡಿಯುತ್ತಿತ್ತು. ಹಾಗೆ ಕುಡಿದರೆ ತಾಯಿಗೆ ಮತ್ತೆ ಗರ್ಭ ನಿಲ್ಲುವುದು ತಡವಾಗುತ್ತದೆ. (ಈಗ ನಾವು ಹಾಲೂಡಿಸುವ ರೀತಿ ಬೇರೆ, ಇದನ್ನೇ ನಂಬಿಕೊಂಡು ಕೂರಬೇಡಿ. ಅಂತರದ ವಿಷಯಕ್ಕೆ ಆಶಾ ಕಾರ್ಯಕರ್ತೆಯನ್ನು ಕೇಳಿ.)

ಕಾಳು ಬಂತು, ಮಡಕೆ ಬಂತು, ಗಂಜಿ ಬಂತು. ಮಗುವಿಗೆ ಸರಿ ಉಣ್ಣಿಸಿ ಬೇಗ ಹಾಲು ಬಿಡಿಸಬಹುದು. ನೆಲೆ ನಿಂತ ಮೇಲೆ ಹೊರುವ ಕಷ್ಟ ಇಲ್ಲ, ಹೊಲಕ್ಕೆ ಕೈಗಳೂ ಬೇಕು. ಹೆರಿಗೆಗಳು ಹತ್ತಿರವಾದವು, ಊರು ಬೆಳೆಯಿತು. ಜೊತೆಗೇ ಒಂದೇ ಕಡೆ ಜನ, ದನ, ಕೊಳಕು ನೀರು ಸೇರಿ ಕಾಯಿಲೆಯೂ ಬೆಳೆಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದಾಗ ಕಲ್ಲಿನ ಕೊಡಲಿಯ ಕಾಲದ ಪದರದಲ್ಲಿ ಮಡಕೆಯೊಳಗಿಟ್ಟು ಹೂಳಿದ ಹಸುಗೂಸುಗಳು ಸಿಕ್ಕವು. ಬಳ್ಳಾರಿಯ ತೆಕ್ಕಲಕೋಟೆಯಲ್ಲೂ ಹಾಗೆಯೇ. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಕೂಸುಗಳನ್ನು ಮಾತ್ರ ಮಡಕೆಯಲ್ಲಿಟ್ಟು, ಮನೆಯ ಹತ್ತಿರವೇ.

ಅಲೆದಾಡುವ ಬದುಕು ಸ್ವರ್ಗವಾಗಿತ್ತು ಅಂತ ಇದರ ಅರ್ಥ ಅಲ್ಲ. ಕಲಹಾರಿಯಲ್ಲೂ ಹುಟ್ಟಿದ ಐದು ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. ಅಮೆರಿಕದ ಜೇರೆಡ್ ಡೈಮಂಡ್ ಎಂಬ ವಿಜ್ಞಾನಿ 1987ರಲ್ಲಿ ಒಂದು ಲೇಖನ ಬರೆದು, ಬೇಸಾಯಕ್ಕೆ ಇಳಿದದ್ದೇ ಮನುಷ್ಯಕುಲ ಮಾಡಿದ ಅತಿ ಕೆಟ್ಟ ತಪ್ಪು ಅಂದರು. ನನಗೆ ಹಾಗನ್ನಿಸುವುದಿಲ್ಲ. ಹೊಲದಿಂದ ಬಂದ ಒಂದು ಸೇರು ಕಾಳು ಮನೆಯಲ್ಲಿದ್ದರೆ ಎಷ್ಟು ಧೈರ್ಯ ಅನ್ನುವುದು ಬರಗಾಲ ಕಂಡವರಿಗೆ ಗೊತ್ತು. ಬಿತ್ತಿದ್ದರಿಂದ ಅನ್ಯಾಯ ಆಗಲಿಲ್ಲ. ಬಿತ್ತಿ ಬೆಳೆದದ್ದನ್ನು ಯಾರು ಬೀಗ ಹಾಕಿ ಇಟ್ಟರು ಅನ್ನುವಲ್ಲಿ ಆಯಿತು.

ಕಣಜಕ್ಕೆ ಯಜಮಾನ

ಗೆಡ್ಡೆಯನ್ನು ಅಗೆದ ದಿನವೇ ತಿನ್ನಬೇಕು, ಮಾಂಸವನ್ನು ಹಂಚಿಯೇ ತಿನ್ನಬೇಕು, ಇಟ್ಟರೆ ಕೊಳೆಯುತ್ತದೆ. ಕಾಳು ಹಾಗಲ್ಲ. ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಇಡಬಹುದು ಅಂದ ಮೇಲೆ ಕಾಯಬೇಕು, ಕಾಯಬೇಕು ಅಂದ ಮೇಲೆ ಇದು ಯಾರದು ಅನ್ನುವ ಮಾತು ಬಂತು. ದನವೂ ಹಾಗೆಯೇ, ನೆಲವೂ ಹಾಗೆಯೇ. ನನ್ನ ನಂತರ ಯಾರಿಗೆ ಅನ್ನುವ ಪ್ರಶ್ನೆಯೂ ಅದರ ಹಿಂದೆಯೇ.

ಡೆನ್ಮಾರ್ಕಿನ ಎಸ್ಟರ್ ಬೊಸರಪ್ ಎಂಬ ಅರ್ಥಶಾಸ್ತ್ರಜ್ಞೆ 1970ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವ್ಯತ್ಯಾಸ ತೋರಿಸಿದರು. ಗುದ್ದಲಿಯಿಂದ ಬೇಸಾಯ ಮಾಡುವ ಕಡೆ ಹೆಂಗಸರೇ ಮುಂದು. ನೇಗಿಲು, ಎತ್ತು ಬಂದ ಕಡೆ ಹೊಲ ಗಂಡಸರ ಕೈಗೆ ಹೋಗುತ್ತದೆ. ನಮ್ಮಲ್ಲಿ ನೋಡಿ: ಉಳುವುದು ಅವರದು. ಬೀಜ ಬೂದಿ ಕಲಸಿ ಇಡುವುದು, ಸಾಲಿಗೆ ಬೀಜ ಬಿಡುವುದು, ನಾಟಿ, ಕಳೆ, ಕೊಯ್ಲು, ಕೇರುವುದು, ಒಣಗಿಸುವುದು ನಮ್ಮದು. ರೈತ ಅಂದರೆ ಮಾತ್ರ ಉಳುವವನು! 2022-23ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು ಬೇಸಾಯದಲ್ಲಿದ್ದಾರೆ. ಆದರೆ 2015-16ರ ಕೃಷಿ ಗಣತಿಯಲ್ಲಿ ದೇಶದ 100 ಹಿಡುವಳಿದಾರರಲ್ಲಿ ಹೆಂಗಸರು ಸುಮಾರು 14 ಮಾತ್ರ. ಕಾನೂನು ಇಲ್ಲದೆ ಅಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ 2005ರಲ್ಲಿ ತಂದಿತು.

ಇವತ್ತಿಗೂ ಕಾಡು ಬಲ್ಲವರು

ನಮ್ಮ ರಾಜ್ಯದಲ್ಲೇ ಕೊಡಗು, ಮೈಸೂರು ಕಾಡಿನ ಜೇನುಕುರುಬರು, ಚಾಮರಾಜನಗರದ ಸೋಲಿಗರು, ಕರಾವಳಿಯ ಕೊರಗರು ತೀರಾ ಇತ್ತೀಚಿನವರೆಗೂ ಕಾಡಿನ ಸಂಗ್ರಹಣೆಯನ್ನು ನೆಚ್ಚಿಕೊಂಡು ಬದುಕಿದವರು. ಅವರನ್ನು ಆದಿಮಾನವರ ಪಳೆಯುಳಿಕೆ ಅಂತ ನೋಡುವುದು ತಪ್ಪು. ಅವರೂ ನಮ್ಮ ಕಾಲದವರೇ, ಅವರ ಬದುಕೂ ಬದಲಾಗುತ್ತಾ ಬಂದಿದೆ, ಹಲವರು ಕಾಡಿನ ಅಂಚಲ್ಲಿ ರಾಗಿ ಬೆಳೆದವರೇ. ಆದರೆ ಬೇಸಾಯಕ್ಕೆ ಸಾವಿರಾರು ವರ್ಷದಲ್ಲಿ ನಡೆದ ಬದಲಾವಣೆಯನ್ನು ಇವರ ಮೇಲೆ ಒಂದೇ ತಲೆಮಾರಿನಲ್ಲಿ ಹೇರಲಾಯಿತು. 1972ರ ವನ್ಯಜೀವಿ ಕಾಯ್ದೆ ಬಂತು, ನಾಗರಹೊಳೆಯಂಥ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಹಾಡಿಗಳು ಖಾಲಿಯಾದವು. ಗೆಣಸು ಎಲ್ಲಿ ಸಿಗುತ್ತದೆ ಅಂತ ಬಲ್ಲ ಹೆಂಗಸು ಕಾಫಿ ತೋಟದ ಕೂಲಿಯಾದಳು. ಅವಳ ತಿಳಿವಳಿಕೆಗೆ ಅಲ್ಲಿ ಬೆಲೆ ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ನಾವೆಲ್ಲರೂ ಗಮನಿಸಬೇಕಾದ ಒಂದು ಮಾತಿದೆ. ಕಾಡಿನಲ್ಲಿ ಸಾಗುವಳಿ ಮಾಡಿದ ಭೂಮಿಗೆ ಹಕ್ಕುಪತ್ರ ಕೊಡುವಾಗ, ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಕೊಡಬೇಕು. ಜೇನು, ನೆಲ್ಲಿಕಾಯಿ, ಸೀಗೆಕಾಯಿಯಂಥ ಕಿರು ಅರಣ್ಯ ಉತ್ಪನ್ನಗಳ ಮೇಲೂ ಹಕ್ಕು ಇದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಕಾಡಿನೊಳಗೆ. ಕಾಡಿನ ಜನರಿಗಾಗಿ ಮಾಡಿದ ಕಾನೂನಿನಲ್ಲಿ ಇಬ್ಬರ ಹೆಸರು ಬರೆಯಬೇಕು ಅಂತ ಇದೆ. ಊರಿನ ಪಹಣಿಗೆ ಅಂಥ ಕಡ್ಡಾಯ ಇಲ್ಲ.

ಸಭೆಯಲ್ಲಿ ಮಾತಾಡಿಕೊಳ್ಳಿ

ಪ್ರತಿನಿಧಿಗಳು ಈ ಪಾಠವನ್ನು ಎರಡು ವಾರಕ್ಕೆ ಹಂಚಿಕೊಳ್ಳಬಹುದು. ಓದು ಬಾರದವರಿಗೆ ಒಬ್ಬರು ಓದಿ ಹೇಳಿ.

ನಿಮ್ಮೂರಿನಲ್ಲಿ ಬಿತ್ತದೆ, ಬೆಳೆಸದೆ ಸಿಗುವ ಸೊಪ್ಪು, ಕಾಯಿ, ಗೆಡ್ಡೆ, ಅಣಬೆ ಯಾವುವು? ಸಂಘದ ಹಿರಿಯರಿಂದ ಕೇಳಿ ಒಂದು ಪಟ್ಟಿ ಬರೆಯಿರಿ. ಅವರಲ್ಲಿ ಎಷ್ಟು ಹೆಸರು, ನಿಮ್ಮ ಮಗಳಿಗೆ ಎಷ್ಟು ಹೆಸರು ಗೊತ್ತು ಅಂತಲೂ ನೋಡಿ.

ಯಾರ ಮನೆಯಲ್ಲಿ ಇನ್ನೂ ಸ್ವಂತ ಬಿತ್ತನೆ ಬೀಜ ಇಟ್ಟಿದ್ದಾರೆ? ಅದನ್ನು ಆರಿಸುವವರು ಯಾರು?

ಒಂದು ದಿನ, ಏಳುವಾಗಿನಿಂದ ಮಲಗುವವರೆಗೆ, ನೀವು ಮಾಡಿದ ಕೆಲಸವನ್ನು ಗಂಟೆ ಸಮೇತ ಬರೆಯಿರಿ. ಮನೆಯ ಗಂಡಸರದನ್ನೂ ಬರೆಸಿ. ಕಾಯಿ ಒಡೆದದ್ದು, ಮಗು ಎತ್ತಿಕೊಂಡದ್ದು ಬಿಟ್ಟುಹೋಗದಿರಲಿ.

ನಾಡಕಚೇರಿಯಿಂದ ನಿಮ್ಮ ಮನೆಯ ಜಮೀನಿನ ಪಹಣಿ ತರಿಸಿ. ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 12ರಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ. ಎರಡನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿ.